ಹೊಸ ಫೈಬರ್, ಎರಡನೇ ದಾರಿ, ಬ್ಯಾಟರಿ, ವೈಫೈ: ನೆಟ್‌ವರ್ಕ್ ಗಟ್ಟಿಯಾಗಲು ಮೊದಲ ಹಣ ಎಲ್ಲಿಗೆ?

ಸಂಪರ್ಕ ಒಮ್ಮೆ ಹೋದರೆ ಗ್ರಾಹಕರು ಸಹಿಸಿಕೊಳ್ಳುತ್ತಾರೆ. ಅದೇ ಮನೆಗೆ ಅದೇ ದೋಷ ಮತ್ತೆ ಮತ್ತೆ ಬಂದಾಗ, ಸಂಜೆ ನಿಂತ ಟಿವಿ ಮರುದಿನ ಮಧ್ಯಾಹ್ನವಾದರೂ ಬಾರದಿದ್ದಾಗ ಅವರು ಬೇರೆ ಸಂಸ್ಥೆಯ ನಂಬರ್ ಹುಡುಕತೊಡಗುತ್ತಾರೆ. ಟಿವಿ ಮತ್ತು ಬ್ರಾಡ್‌ಬ್ಯಾಂಡ್ ಎರಡನ್ನೂ ಕೊಡುವ ಸಂಸ್ಥೆಯೊಂದು ಸುಧಾರಣೆಗೆಂದು ಹಣ ತೆಗೆದಿಟ್ಟ ಕೂಡಲೇ ಸಲಹೆಗಳು ಸಾಲುಗಟ್ಟುತ್ತವೆ. ಹಳೆಯ ಕೇಬಲ್ ಕಿತ್ತು ಫೈಬರ್ ಹಾಕಿ ಎನ್ನುವವರು ಕೆಲವರು, ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಾಗುವಂತೆ ರಿಂಗ್ ಮಾಡಿ ಎನ್ನುವವರು ಕೆಲವರು, ಬ್ಯಾಟರಿ ಬದಲಿಸಿ, ಒಳ್ಳೆಯ ರೂಟರ್ ಕೊಡಿ ಎನ್ನುವವರು ಇನ್ನು ಕೆಲವರು. ಎಲ್ಲದರಲ್ಲೂ ಸತ್ಯವಿದೆ, ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲು ಮಾತ್ರ ಆಗುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಎರಡು ಪ್ರಶ್ನೆಗಳಿಂದ ತೂಗಿದ್ದೇನೆ: ಇದರಿಂದ ಅದೇ ದೋಷ ಮರುಕಳಿಸುವುದು ನಿಲ್ಲುತ್ತದೆಯೇ? ದೋಷ ಬಂದಾಗ ಸರಿಪಡಿಸುವ ಸಮಯ ಇಳಿಯುತ್ತದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಆ ಉಪಕರಣ ಎಷ್ಟೇ ಹೊಸದಾಗಿರಲಿ, ಅದರ ಸರದಿ ಕೊನೆಗೆ.

ಖರೀದಿಗೆ ಮೊದಲು ಲೆಕ್ಕ

ದೂರುಗಳನ್ನು ಎಣಿಸುವುದು ಸಾಲದು, ಅವುಗಳ ತೂಕ ನೋಡಬೇಕು. ಹತ್ತು ಮನೆಗಳಿಗೆ ಆರು ಗಂಟೆ ಸೇವೆ ನಿಂತರೆ ಕಳೆದದ್ದು 3,600 ಗ್ರಾಹಕ-ನಿಮಿಷ. 20,000 ಮನೆಗಳಿಗೆ ಕಾಲು ಗಂಟೆ ನಿಂತರೆ 3,00,000. ಎರಡನೆಯದು ಬೇಗ ಮುಗಿಯಿತು ಎಂದು ಮರೆತುಬಿಡುತ್ತೇವೆ, ಮೊದಲನೆಯದು ಸಣ್ಣದು ಎಂದು ಬದಿಗೆ ತಳ್ಳುತ್ತೇವೆ. ಕಳೆದ ಒಂದು ವರ್ಷದ ಪ್ರತಿಯೊಂದು ಅಡಚಣೆಗೂ ಈ ಗುಣಾಕಾರ ಮಾಡಿ, ಪಕ್ಕದಲ್ಲಿ ಕಾರಣ ಬರೆಯಿರಿ: ವಿದ್ಯುತ್, ತುಂಡಾದ ಕೇಬಲ್, ಕೆಟ್ಟ ಉಪಕರಣ, ನಮ್ಮವರೇ ಮಾಡಿದ ಬದಲಾವಣೆ, ಮನೆಯೊಳಗಿನ ತೊಂದರೆ. ಇನ್ನೊಂದು ಪಟ್ಟಿಯಲ್ಲಿ ಒಂದೇ ಮನೆಯಿಂದ ಮೂರಕ್ಕಿಂತ ಹೆಚ್ಚು ಸಲ ಬಂದ ದೂರುಗಳಿರಲಿ. ಮೊದಲ ಪಟ್ಟಿ ಬಂಡವಾಳ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ, ಎರಡನೆಯದು ನಾಳೆ ಬೆಳಿಗ್ಗೆ ಸಿಬ್ಬಂದಿ ಎಲ್ಲಿಗೆ ಹೋಗಬೇಕೆಂದು.

ಉಪಕರಣದ ಲಭ್ಯತೆ ಶೇ 99.9 ಎಂದು ಕೇಳಿದಾಗ ಸಮಾಧಾನವೆನಿಸುತ್ತದೆ. ಅದರ ಅರ್ಥ ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷ ಸೇವೆ ಇಲ್ಲ ಎಂದು. ಶೇ 99.99 ಆದರೆ 53 ನಿಮಿಷ. ಈಗ ಸಿಗ್ನಲ್ ಸಾಗುವ ದಾರಿ ನೋಡಿ: ಹೆಡ್‌ಎಂಡ್ (ಸಿಗ್ನಲ್ ಹೊರಡುವ ಮುಖ್ಯ ಕೇಂದ್ರ), ಮುಖ್ಯ ಫೈಬರ್, ಬೀದಿಯ ಉಪಕರಣ, ಮನೆಗೆ ಇಳಿಯುವ ತಂತಿ, ಮನೆಯೊಳಗಿನ ಪೆಟ್ಟಿಗೆ. ಐದೂ ಶೇ 99.9ರಷ್ಟು ಚೆನ್ನಾಗಿದ್ದರೂ ಒಂದರ ಹಿಂದೊಂದು ನಿಂತಿರುವುದರಿಂದ ಒಟ್ಟು ಲಭ್ಯತೆ ಸುಮಾರು ಶೇ 99.5ಕ್ಕೆ ಇಳಿಯುತ್ತದೆ, ಅಂದರೆ ವರ್ಷಕ್ಕೆ 44 ಗಂಟೆಯಷ್ಟು ಅಡಚಣೆ. ಒಂದೇ ಕೊಂಡಿಯನ್ನು ಎಷ್ಟೇ ಹೊಳಪಿಸಿದರೂ ಈ 44 ಗಂಟೆಯಲ್ಲಿ ಒಂಬತ್ತು ಗಂಟೆಗಿಂತ ಹೆಚ್ಚು ಇಳಿಯುವುದಿಲ್ಲ.

ಹಳೆಯ ಕೋಆಕ್ಸಿಯಲ್ ಉಳಿಸಿಕೊಳ್ಳುವುದೋ, ಪೂರ್ತಿ ಫೈಬರ್‌ಗೆ ಹೋಗುವುದೋ

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆತುರದ ಉತ್ತರ ಸಿಗುವುದೂ ಇದಕ್ಕೇ.

ನೋಡ್‌ವರೆಗೆ (ಬಡಾವಣೆಯ ಹಂಚಿಕೆ ಪೆಟ್ಟಿಗೆಯವರೆಗೆ) ಫೈಬರ್, ಅಲ್ಲಿಂದ ಮನೆಗೆ ಕೋಆಕ್ಸಿಯಲ್ ಎಂಬ ಲೋಹದ ಕೇಬಲ್ ಇರುವ ಮಿಶ್ರ ಜಾಲದ ನಿಜವಾದ ದೌರ್ಬಲ್ಯ ವೇಗವಲ್ಲ. 2013ರಲ್ಲಿ ಬಂದ, ಕೇಬಲ್ ಇಂಟರ್‌ನೆಟ್‌ನ ಡಾಕ್ಸಿಸ್ 3.1 ಮಾನದಂಡ ಗಿಗಾಬಿಟ್ ವೇಗ ಕೊಡುತ್ತದೆ. ಸಿಗ್ನಲ್ ಕೆಟ್ಟ ಮನೆಯ ಮೋಡೆಮ್ ಪೂರ್ತಿ ಬಿದ್ದುಹೋಗುವ ಬದಲು ಕೆಳಗಿನ ಮಟ್ಟದಲ್ಲಿ ಕೆಲಸ ಮುಂದುವರಿಸುವ ವ್ಯವಸ್ಥೆಯೂ ಅದರಲ್ಲಿದೆ. ದೌರ್ಬಲ್ಯ ಇರುವುದು ಮನೆಯಿಂದ ಹೆಡ್‌ಎಂಡ್ ಕಡೆಗೆ ಹೋಗುವ ದಾರಿಯಲ್ಲಿ. ಆ ದಾರಿ ಕೆಳಗಿನ ಆವರ್ತನಗಳಲ್ಲಿದೆ. ಹಳೆಯ ಜಾಲಗಳಲ್ಲಿ 5ರಿಂದ 42 ಅಥವಾ 65 ಮೆಗಾಹರ್ಟ್ಸ್. ರೇಡಿಯೊ ಪ್ರಸಾರ, ಮೋಟಾರಿನ ಕಿಡಿ, ಕೆಟ್ಟ ವಿದ್ಯುತ್ ಅಡಾಪ್ಟರ್ ಎಲ್ಲವೂ ಗದ್ದಲ ಎಬ್ಬಿಸುವುದು ಅಲ್ಲೇ. ಒಂದು ನೋಡ್‌ಗೆ ಸೇರಿದ ಎಲ್ಲ ಮನೆಗಳ ಗದ್ದಲವೂ ಒಂದೇ ಕಡೆ ಬಂದು ಕೂಡಿಕೊಳ್ಳುತ್ತದೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಮನೆಯ ಟಿವಿ ಹಿಂದೆ ಕೇಬಲ್ ಜೋಡಿಸುವ ಎಫ್ ಕನೆಕ್ಟರ್ ಸಡಿಲವಾಗಿದೆ, ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತು ಹೋಗುತ್ತದೆ, ಅಷ್ಟೆ. ಆ ಮನೆಯ ಟಿವಿ ಚೆನ್ನಾಗಿಯೇ ಬರುತ್ತಿರುತ್ತದೆ, ಅವರು ದೂರು ಕೊಡುವುದಿಲ್ಲ. ಆದರೆ ಆ ಸಂದಿನಿಂದ ಒಳಗೆ ನುಗ್ಗಿದ ಗದ್ದಲ ನೋಡ್‌ಗೆ ತಲುಪಿ, ನೂರಾರು ಮನೆಗಳ ವಿಡಿಯೊ ಕರೆ ತಡವರಿಸುತ್ತದೆ. ತಂತ್ರಜ್ಞ ನೋಡ್ ತೆರೆದು ಒಂದೊಂದೇ ಕವಲಿನಲ್ಲಿ ಮೀಟರ್ ಇಟ್ಟು ನೋಡುತ್ತಾನೆ. ಗದ್ದಲವಿರುವ ಕವಲು ಹಿಡಿದು ಸಿಗ್ನಲ್ ಬಲ ಹೆಚ್ಚಿಸುವ ಮುಂದಿನ ಆಂಪ್ಲಿಫೈಯರ್‌ಗೆ ಹೋಗುತ್ತಾನೆ, ಅಲ್ಲಿಂದ ಮನೆಗಳಿಗೆ ತಂತಿ ಕವಲೊಡೆಯುವ ಟ್ಯಾಪ್‌ಗೆ, ಕೊನೆಗೆ ಆ ಮನೆಗೆ. ಅವನು ದಾರಿಯಲ್ಲಿರುವಾಗಲೇ ಆ ಮನೆಯವರು ಮೋಟಾರು ನಿಲ್ಲಿಸಿದರೆ ಸುಳಿವೇ ಮಾಯ. ‘ಬಂದು ನೋಡಿದರು, ಎಲ್ಲ ಸರಿಯಿದೆ ಎಂದರು, ರಾತ್ರಿ ಮತ್ತೆ ಅದೇ ಕಥೆ’ ಎಂಬ ದೂರು ಬಹುಪಾಲು ಹುಟ್ಟುವುದು ಹೀಗೆ.

ಇದಕ್ಕೆ ಎರಡು ಅಗ್ಗದ ಮದ್ದುಗಳಿವೆ. ಒಂದು, ನೋಡ್ ಒಡೆಯುವುದು. ಐನೂರು ಮನೆಗಳ ನೋಡ್ ಅನ್ನು ಎರಡಾಗಿಸಿದರೆ ಗದ್ದಲವೂ ಹಂಚಿಹೋಗುತ್ತದೆ, ಸಂಜೆಯ ದಟ್ಟಣೆಯೂ ಕರಗುತ್ತದೆ. ಇನ್ನೊಂದು, ಮೋಡೆಮ್‌ಗಳು ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವುದು. ಕೇಬಲ್‌ನಲ್ಲಿ ಎಲ್ಲಾದರೂ ನೀರು ಹೊಕ್ಕು ಸಿಗ್ನಲ್ ಪ್ರತಿಫಲಿಸುತ್ತಿದ್ದರೆ, ಪ್ರತಿ ಮೋಡೆಮ್ ತಾನು ಕಳುಹಿಸುವ ಸಿಗ್ನಲ್ ಅನ್ನು ಮೊದಲೇ ತಿದ್ದಿ ಕಳುಹಿಸುತ್ತದೆ. ಆ ತಿದ್ದುಪಡಿಯ ಅಂಕಿಗಳನ್ನು ಹೆಡ್‌ಎಂಡ್‌ನಲ್ಲಿ ಓದಬಹುದು. ಒಂದೇ ಬೀದಿಯ ಆರು ಮೋಡೆಮ್‌ಗಳು ಒಂದೇ ಬಗೆಯ ತಿದ್ದುಪಡಿ ಮಾಡುತ್ತಿದ್ದರೆ ದೋಷ ಆ ಆರೂ ಹಂಚಿಕೊಂಡ ತುಂಡಿನಲ್ಲಿದೆ. ಗ್ರಾಹಕರಿಗೆ ಇನ್ನೂ ಏನೂ ಗೊತ್ತಾಗಿಲ್ಲದ ಹಂತದಲ್ಲಿಯೇ ಅದನ್ನು ಸರಿಪಡಿಸಬಹುದು. ಬಹುಪಾಲು ಉಪಕರಣಗಳಲ್ಲಿ ಈ ಸೌಲಭ್ಯ ಈಗಾಗಲೇ ಇದೆ, ಅದನ್ನು ಬಳಸದೆ ಬಿಟ್ಟಿರುವುದು ನನಗೆ ನಿಜವಾಗಿ ಬೇಸರ ತರಿಸುವ ಸಂಗತಿ.

ಫೈಬರ್ ಪಕ್ಷದ ವಾದವೂ ಬಲವಾಗಿದೆ. ಹೆಡ್‌ಎಂಡ್‌ನಲ್ಲಿ ಬೆಳಕು ಕಳುಹಿಸುವ ಒಎಲ್‌ಟಿಯಿಂದ ಅದನ್ನು ಪಡೆಯುವ ಮನೆಯ ಪೆಟ್ಟಿಗೆ ಒಎನ್‌ಟಿವರೆಗೆ ಬೀದಿಯಲ್ಲಿ ವಿದ್ಯುತ್ ಬೇಡುವ ಒಂದು ಉಪಕರಣವೂ ಇಲ್ಲ. ಒಂದು ಫೈಬರ್‌ನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಬರೀ ಗಾಜು. ಮೋಟಾರು, ಮಿಂಚು, ರೇಡಿಯೊ ಗದ್ದಲ ಬೆಳಕನ್ನು ಮುಟ್ಟುವುದಿಲ್ಲ. ಆದರೆ ಫೈಬರ್‌ಗೆ ತನ್ನದೇ ಕಾಯಿಲೆಗಳಿವೆ. ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರೋಮೀಟರ್ ಅಗಲ. ಕಣ್ಣಿಗೆ ಕಾಣದ ಧೂಳಿನ ಕಣವೊಂದು ಕನೆಕ್ಟರ್ ತುದಿಯಲ್ಲಿ ಕೂತರೆ ಸಾಕು, ಸಿಗ್ನಲ್ ಕುಗ್ಗುತ್ತದೆ. ಹಸಿರು ಕನೆಕ್ಟರ್‌ನ ತುದಿ 8 ಡಿಗ್ರಿ ಓರೆ, ನೀಲಿಯದು ನೇರ. ಎರಡನ್ನೂ ಜೋಡಿಸಿದವರು ಎರಡನ್ನೂ ಕೆಡಿಸುತ್ತಾರೆ. ಒಎನ್‌ಟಿಗಳು ಸರದಿಯಂತೆ ಮಾತಾಡಬೇಕಾದ ವ್ಯವಸ್ಥೆಯಲ್ಲಿ ಕೆಟ್ಟ ಒಎನ್‌ಟಿಯೊಂದು ಸರದಿ ಮೀರಿ ಬೆಳಕು ಬಿಡತೊಡಗಿದರೆ ಒಎಲ್‌ಟಿಯ ಅದೇ ಪೋರ್ಟ್‌ಗೆ ಸೇರಿದ ಎಲ್ಲ ಮನೆಗಳೂ ಬೀಳುತ್ತವೆ. ಇನ್ನು 96 ಎಳೆಗಳ ಕೇಬಲ್ ಜೆಸಿಬಿಯ ಹಲ್ಲಿಗೆ ಸಿಕ್ಕರೆ ಒಂದೊಂದೇ ಎಳೆಯನ್ನು ಬೆಸೆಯಲು ಗಂಟೆಗಟ್ಟಲೆ ಬೇಕು.

ನನ್ನ ತೀರ್ಮಾನ ಇಷ್ಟು. ಹೊಸ ಬಡಾವಣೆಗೆ ಫೈಬರ್ ಅಲ್ಲದೆ ಬೇರೇನೂ ಹಾಕಬೇಡಿ. ಹಳೆಯ ಬಡಾವಣೆಯಲ್ಲಿ ಒಂದೇ ಸಾಲಿನಲ್ಲಿ ನಾಲ್ಕೈದು ಆಂಪ್ಲಿಫೈಯರ್‌ಗಳಿದ್ದು, ಕೇಬಲ್ ಹೊದಿಕೆ ಒಡೆದು, ದೂರು ಕೊಡುವ ಮನೆಗಳು ಎಲ್ಲೆಡೆ ಹರಡಿಕೊಂಡಿದ್ದರೆ ಅಲ್ಲಿಯೂ ಫೈಬರ್. ದೂರುಗಳು ಕೆಲವೇ ನೋಡ್‌ಗಳಲ್ಲಿ ಗುಂಪಾಗಿದ್ದರೆ ಮೊದಲು ಆ ನೋಡ್‌ಗಳ ಗದ್ದಲ ತೆಗೆಯಿರಿ, ಕನೆಕ್ಟರ್ ಬದಲಿಸಿ, ನೋಡ್ ಒಡೆಯಿರಿ. ಅಲ್ಲಿನ ಗ್ರಾಹಕರು ಫೈಬರ್ ಬರುವವರೆಗೆ ಎರಡು ವರ್ಷ ಕಾಯುವುದಿಲ್ಲ.

ಸ್ಪ್ಲಿಟರ್: 32 ಮನೆಯೋ, 64 ಮನೆಯೋ

ಫೈಬರ್ ಎಂದು ತೀರ್ಮಾನಿಸಿದವರು ಇಲ್ಲಿ ಉಳಿತಾಯಕ್ಕೆ ಮನಸೋಲುತ್ತಾರೆ. ಜಿಪಾನ್ ಎಂಬ ಈ ಬಗೆಯ ಫೈಬರ್ ಜಾಲದಲ್ಲಿ ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ವರ್ಗದ ಆಪ್ಟಿಕ್ಸ್ ದಾರಿಯಲ್ಲಿ ಒಟ್ಟು 28 ಡೆಸಿಬೆಲ್ ಬೆಳಕಿನ ನಷ್ಟ ತಡೆದುಕೊಳ್ಳುತ್ತದೆ. 32 ಮನೆಗಳ ಸ್ಪ್ಲಿಟರ್ ಸುಮಾರು 17 ಡೆಸಿಬೆಲ್ ತಿನ್ನುತ್ತದೆ, 10 ಕಿಲೋಮೀಟರ್ ಫೈಬರ್ ಮೂರೂವರೆ, ಕನೆಕ್ಟರ್ ಮತ್ತು ಬೆಸುಗೆಗಳು ಎರಡು. ಐದೂವರೆ ಡೆಸಿಬೆಲ್ ಕೈಯಲ್ಲಿ ಉಳಿಯುತ್ತದೆ. 64 ಮನೆಗಳಾದರೆ ಉಳಿಯುವುದು ಎರಡು ಡೆಸಿಬೆಲ್ ಆಸುಪಾಸು. ನಾಲ್ಕು ವರ್ಷಗಳಲ್ಲಿ ಆಗುವ ರಿಪೇರಿ ಬೆಸುಗೆಗಳು, ಗೋಡೆ ಮೂಲೆಯಲ್ಲಿ ಮಡಚಿದ ತಂತಿ, ಒಂದಿಷ್ಟು ಧೂಳು ಸೇರಿದರೆ ಆ ಎರಡು ಡೆಸಿಬೆಲ್ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮೇಲಾಗಿ ಒಂದು ಪೋರ್ಟ್ ಕೆಟ್ಟರೆ ಬೀಳುವ ಮನೆಗಳೂ ಇಮ್ಮಡಿ. ಹತ್ತಿರದ, ದಟ್ಟವಾದ ಕಟ್ಟಡಗಳಿಗೆ 64 ನಡೆಯುತ್ತದೆ. ಉಳಿದೆಡೆ 32.

ಟಿವಿಯನ್ನು ಯಾವ ದಾರಿಯಲ್ಲಿ ಕಳುಹಿಸುವುದು

ಬ್ರಾಡ್‌ಬ್ಯಾಂಡ್‌ನಲ್ಲಿ ಕಳೆದುಹೋದ ಪ್ಯಾಕೆಟ್ (ಮಾಹಿತಿಯ ಸಣ್ಣ ತುಂಡು) ಮತ್ತೆ ಬರುತ್ತದೆ, ಬಳಕೆದಾರರಿಗೆ ಕಾಣುವುದಿಲ್ಲ. ನೇರ ಪ್ರಸಾರದ ಟಿವಿಗೆ ಆ ಕರುಣೆ ಇಲ್ಲ. ಸೆಕೆಂಡಿಗೆ 8 ಮೆಗಾಬಿಟ್‌ನ ಎಚ್‌ಡಿ ವಾಹಿನಿಯನ್ನು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ನೋಡುವವರೆಲ್ಲರಿಗೂ ಒಂದೇ ಪ್ರತಿಯಾಗಿ, ಕಳುಹಿಸಿದರೆ ಸೆಕೆಂಡಿಗೆ ಸುಮಾರು 760 ಪ್ಯಾಕೆಟ್‌ಗಳು ಹೋಗುತ್ತವೆ. ಸಾವಿರಕ್ಕೊಂದು ಕಳೆದುಹೋದರೂ ಸೆಕೆಂಡು, ಸೆಕೆಂಡೂವರೆಗೊಮ್ಮೆ ಚಿತ್ರಕ್ಕೆ ಪೆಟ್ಟು ಬೀಳುತ್ತದೆ, ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ಅದೇ ಜಾಲದಲ್ಲಿ ವೇಗ ಪರೀಕ್ಷೆ ಮಾಡಿದರೆ ಅಂಕಿ ಅಂದವಾಗಿಯೇ ಬರುತ್ತದೆ. ‘ಇಂಟರ್‌ನೆಟ್ ಚೆನ್ನಾಗಿದೆ, ಟಿವಿ ಮಾತ್ರ ಸರಿಯಿಲ್ಲ’ ಎಂದು ಹೇಳುವ ಗ್ರಾಹಕರನ್ನು ನಂಬಿ.

ಆಯ್ಕೆಗಳು ಮೂರು. ಮೊದಲನೆಯದು, ಟಿವಿಯನ್ನು 1550 ನ್ಯಾನೋಮೀಟರ್ ಬೆಳಕಿನಲ್ಲಿ ಪ್ರತ್ಯೇಕವಾಗಿ ಅದೇ ಫೈಬರ್ ಮೇಲೆ ಕಳುಹಿಸುವುದು. ಇಂಟರ್‌ನೆಟ್ ದಟ್ಟಣೆ ಇದನ್ನು ಮುಟ್ಟುವುದಿಲ್ಲ, ರೂಟರ್ ಕೆಟ್ಟರೂ ಟಿವಿ ನಡೆಯುತ್ತದೆ, ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳೂ ಉಳಿಯುತ್ತವೆ. ಆದರೆ ಇದಕ್ಕೆ ಡೇಟಾಗಿಂತ ಬಹಳ ಹೆಚ್ಚು ಬೆಳಕು ಬೇಕು, ಮಡಚಿದ ಫೈಬರ್ ಉದ್ದದ ತರಂಗಾಂತರವನ್ನೇ ಮೊದಲು ಸೋರಿಸುತ್ತದೆ. ಅದಕ್ಕೇ ಕಪಾಟಿನ ಹಿಂದೆ ತಂತಿ ಒತ್ತಿದ ಮನೆಯಲ್ಲಿ ಟಿವಿ ಹೋಗಿ ಇಂಟರ್‌ನೆಟ್ ಉಳಿದಿರುತ್ತದೆ. ಎರಡನೆಯದು ಐಪಿಟಿವಿ ಮಲ್ಟಿಕಾಸ್ಟ್, ಅಂದರೆ ಟಿವಿಯನ್ನೂ ಇಂಟರ್‌ನೆಟ್‌ನಂತೆ ಪ್ಯಾಕೆಟ್‌ಗಳಲ್ಲಿ ಕಳುಹಿಸುವುದು. ಒಂದು ವಾಹಿನಿಯನ್ನು ಎಷ್ಟು ಮಂದಿ ನೋಡಿದರೂ ಜಾಲದಲ್ಲಿ ಸಾಗುವುದು ಒಂದೇ ಪ್ರತಿ. ಟಿವಿ ಪ್ಯಾಕೆಟ್‌ಗಳಿಗೆ ಆದ್ಯತೆಯನ್ನು ಹೆಡ್‌ಎಂಡ್‌ನಿಂದ ಮನೆಯವರೆಗೆ ಎಲ್ಲ ಸ್ವಿಚ್‌ಗಳಲ್ಲೂ ಕೊಟ್ಟು, ಕಳೆದ ಪ್ಯಾಕೆಟ್ ಮರಳಿ ಪಡೆಯುವ ವ್ಯವಸ್ಥೆ ಇರುವ ಬಾಕ್ಸ್ ಕೊಟ್ಟರೆ ಇದು ಸೊಗಸಾಗಿ ನಡೆಯುತ್ತದೆ. ಒಂದು ಸ್ವಿಚ್‌ನಲ್ಲಿ ಆದ್ಯತೆ ಮರೆತರೂ ಸಂಜೆ ಎಂಟು ಗಂಟೆಗೆ ಫೋನ್ ಸುರಿಯುತ್ತದೆ. ಮೂರನೆಯದು, ಪ್ರತಿ ವೀಕ್ಷಕರಿಗೂ ಪ್ರತ್ಯೇಕ ಸ್ಟ್ರೀಮ್. ಸಿಗ್ನಲ್ ಕುಗ್ಗಿದರೆ ಚಿತ್ರದ ಗುಣಮಟ್ಟ ಇಳಿಸಿಕೊಂಡು ನಿಲ್ಲದೆ ಸಾಗುವ ಗುಣ ಇದಕ್ಕಿದೆ. ಆದರೆ ದೊಡ್ಡ ಪಂದ್ಯದ ದಿನ ಹತ್ತು ಸಾವಿರ ಜನ ನೋಡಿದರೆ ಹತ್ತು ಸಾವಿರ ಪ್ರತಿಗಳ ಭಾರ, ಜೊತೆಗೆ ಪ್ರಸಾರದ ವಿಳಂಬ. ನೇರ ಪ್ರಸಾರ ನೋಡುವವರೇ ಹೆಚ್ಚಿರುವ ಜಾಲಕ್ಕೆ ಮೊದಲೆರಡರಲ್ಲಿ ಒಂದನ್ನು ಆರಿಸಿ, ಮೂರನೆಯದನ್ನು ಹಳೆಯ ಕಾರ್ಯಕ್ರಮಗಳಿಗೂ ಮೊಬೈಲ್ ವೀಕ್ಷಣೆಗೂ ಇಟ್ಟುಕೊಳ್ಳಿ.

ಎರಡನೇ ದಾರಿಯೋ, ಬೇಗ ರಿಪೇರಿಯೋ

ವರ್ಷಕ್ಕೆ ನಾಲ್ಕು ಸಲ ಕೇಬಲ್ ತುಂಡಾಗಿ, ಪ್ರತಿ ಸಲ ಆರು ಗಂಟೆ ಹಿಡಿದರೆ 24 ಗಂಟೆ ನಷ್ಟ. ತುಂಡಾಗುವುದನ್ನು ಎರಡಕ್ಕೆ ಇಳಿಸಿದರೂ 12, ರಿಪೇರಿಯನ್ನು ಮೂರು ಗಂಟೆಗೆ ಇಳಿಸಿದರೂ 12. ಎರಡನೆಯದಕ್ಕೆ ತಗಲುವ ಖರ್ಚು ಬಹಳ ಕಡಿಮೆ: ಜಾಯಿಂಟ್ ಬಾಕ್ಸ್‌ಗಳೂ ಸುತ್ತಿಟ್ಟ ಹೆಚ್ಚುವರಿ ಕೇಬಲ್‌ಗಳೂ ಎಲ್ಲಿವೆ ಎಂದು ತೋರಿಸುವ ನಕ್ಷೆ, ವಾಹನದಲ್ಲೇ ಇರುವ ಬಿಡಿಭಾಗಗಳು, ಚಾರ್ಜ್ ಆಗಿರುವ, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ, ತುಂಡು ಎಷ್ಟು ದೂರದಲ್ಲಿದೆ ಎಂದು ಅಳೆಯುವ ಒಟಿಡಿಆರ್ ಅನ್ನು ಓದಬಲ್ಲ ಇಬ್ಬರು. ನಕ್ಷೆಯಿಲ್ಲದೆ ಒಟಿಡಿಆರ್ 4.2 ಕಿಲೋಮೀಟರ್ ಎಂದು ಹೇಳಿದರೆ ಯಾವ ಕಂಬದ ಕೆಳಗೆ ನಿಲ್ಲುವುದು?

ಆದರೆ ಸಾವಿರಾರು ಮನೆಗಳನ್ನು ಹೊತ್ತ ಮುಖ್ಯ ಫೈಬರ್‌ಗೆ ಬೇಗ ರಿಪೇರಿ ಸಾಲದು, ಅಲ್ಲಿ ರಿಂಗ್ ಬೇಕೇ ಬೇಕು. ಜಿ.8032 ಮಾನದಂಡದ ರಿಂಗ್ ಒಂದು ಕಡೆ ತುಂಡಾದರೆ 50 ಮಿಲಿಸೆಕೆಂಡಿನೊಳಗೆ ಇನ್ನೊಂದು ಕಡೆಯಿಂದ ಸಾಗಿಸುವ ಗುರಿಯಿಂದ ರೂಪಿಸಿದ್ದು; ವೀಕ್ಷಕರಿಗೆ ಹೆಚ್ಚೆಂದರೆ ಕಣ್ಣು ಮಿಟುಕಿಸಿದಷ್ಟು ಕಾಣುತ್ತದೆ. ಒಂದೇ ಷರತ್ತು: ಎರಡು ದಾರಿಗಳು ನಿಜವಾಗಿ ಎರಡಾಗಿರಬೇಕು. ಒಂದೇ ಸೇತುವೆಯ ಮೇಲೆ, ಒಂದೇ ಕೊಳವೆಯಲ್ಲಿ ಹೋಗುವ ಎರಡು ಕೇಬಲ್‌ಗಳನ್ನು ರಿಂಗ್ ಎಂದು ಕರೆಯುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಬಾಡಿಗೆಗೆ ಪಡೆದ ದಾರಿಯಾದರೆ ಅದು ನೆಲದಲ್ಲಿ ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಮುಖ್ಯ ಫೈಬರ್ ಮತ್ತು ಮನೆಯ ನಡುವಿನ ಭಾಗಕ್ಕೆ, ಒಎಲ್‌ಟಿಯಿಂದ ಸ್ಪ್ಲಿಟರ್‌ವರೆಗೆ ಮಾತ್ರ ಎರಡು ಫೈಬರ್ ಕೊಡುವ ಟೈಪ್ ಬಿ ರಕ್ಷಣೆ ಸಾಕು. ಮನೆಯವರೆಗೂ ಎರಡೆರಡು ಕೊಡುವ ಟೈಪ್ ಸಿ ಆಸ್ಪತ್ರೆ, ಬ್ಯಾಂಕ್‌ಗಳಂಥ ಗ್ರಾಹಕರಿಗಿರಲಿ.

ವಿದ್ಯುತ್

ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ 25 ಡಿಗ್ರಿ ಮೀರಿ ತಾಪ ಪ್ರತಿ 10 ಡಿಗ್ರಿ ಏರಿದಾಗ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಬಿಸಿಲಿಗೆ ನಿಂತ ತಗಡಿನ ಪೆಟ್ಟಿಗೆಯಲ್ಲಿ ಅದು ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ದುಬಾರಿಯಾದರೂ ಹೆಚ್ಚು ಸಲ ಚಾರ್ಜ್ ಆಗಿ ಖಾಲಿಯಾಗುವುದನ್ನು ತಾಳುತ್ತದೆ; ದಿನವೂ ವಿದ್ಯುತ್ ಹೋಗುವ ಕಡೆ ಅದೇ ಲಾಭ. ಯಾವುದನ್ನೇ ಕೊಳ್ಳಿ, ವೋಲ್ಟೇಜ್ ಅಳೆದು ಸರಿಯಿದೆ ಎನ್ನಬೇಡಿ. ಮುಖ್ಯ ವಿದ್ಯುತ್ ತೆಗೆದು, ಪೂರ್ತಿ ಭಾರ ಹೊರಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ.

ಮನೆಯ ಕಡೆಯನ್ನು ಹಲವರು ಮರೆಯುತ್ತಾರೆ. ಒಎನ್‌ಟಿ ಮತ್ತು ರೂಟರ್ ಸೇರಿ ಎಳೆಯುವುದು ಬಲ್ಬೊಂದರಷ್ಟು ವಿದ್ಯುತ್. ಪುಟ್ಟ ಡಿಸಿ ಯುಪಿಎಸ್ ಒಂದನ್ನು ಸಂಪರ್ಕದ ಜೊತೆಗೇ ಕೊಟ್ಟರೆ ವಿದ್ಯುತ್ ಹೋದಾಗಲೂ ಇಂಟರ್‌ನೆಟ್ ಇರುತ್ತದೆ. ದೊಡ್ಡ ಖರ್ಚಿನ ಯಾವ ಸುಧಾರಣೆಯೂ ಇಷ್ಟು ಬೇಗ ಗ್ರಾಹಕರ ಕಣ್ಣಿಗೆ ಬೀಳುವುದಿಲ್ಲ.

ಮನೆಯೊಳಗಿನ ವೈಫೈ

‘ನಮ್ಮ ಜವಾಬ್ದಾರಿ ಗೋಡೆಯವರೆಗೆ’ ಎಂಬ ಮಾತನ್ನು ಬಿಡಬೇಕು. ಮಲಗುವ ಕೋಣೆಯಲ್ಲಿ ವಿಡಿಯೊ ನಿಂತರೆ ಗ್ರಾಹಕರು ಬೈಯುವುದು ನಿಮ್ಮನ್ನೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ಮನೆಗಳೆಲ್ಲ ಅವುಗಳಲ್ಲೇ ತುಂಬಿರುತ್ತವೆ. ಸಣ್ಣ ಮನೆಗೆ 5 ಗಿಗಾಹರ್ಟ್ಸ್ ಇರುವ ಒಂದು ರೂಟರ್ ಸಾಕು, ಅದನ್ನು ಮೂಲೆಯ ಕಪಾಟಿನಿಂದ ತೆಗೆದು ಮನೆಯ ನಡುವೆ ಇಟ್ಟರೆ. ದೊಡ್ಡ ಮನೆಗೆ ಮೆಶ್, ಅಂದರೆ ಒಂದೇ ವೈಫೈ ಹಂಚುವ ಹಲವು ಘಟಕಗಳು. ಎರಡು ಘಟಕಗಳ ನಡುವೆ ತಂತಿ ಎಳೆಯಲು ಸಾಧ್ಯವಾದರೆ ತಂತಿಯನ್ನೇ ಎಳೆಯಿರಿ, ಏಕೆಂದರೆ ಒಂದೇ ರೇಡಿಯೊದಲ್ಲಿ ಪಡೆದು ಅದೇ ರೇಡಿಯೊದಲ್ಲಿ ಮುಂದಕ್ಕೆ ಕಳುಹಿಸಿದರೆ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಐಪಿಟಿವಿ ಬಾಕ್ಸ್‌ಗಂತೂ ತಂತಿಯೇ ಸರಿ. ವೈಫೈ ಮಲ್ಟಿಕಾಸ್ಟ್ ಪ್ಯಾಕೆಟ್ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವುದಿಲ್ಲ, ತಲುಪದಿದ್ದರೆ ಮತ್ತೆ ಕಳುಹಿಸುವುದೂ ಇಲ್ಲ. ತಂತಿ ಅಸಾಧ್ಯವಾದರೆ ಮಲ್ಟಿಕಾಸ್ಟ್ ಅನ್ನು ಯುನಿಕಾಸ್ಟ್ (ಪ್ರತಿ ಬಾಕ್ಸ್‌ಗೂ ಪ್ರತ್ಯೇಕ ಪ್ರತಿ) ಆಗಿ ಬದಲಿಸುವ ಸೌಲಭ್ಯವಿರುವ ರೂಟರ್ ಆರಿಸಿ.

ನಮ್ಮ ಕೈಯಿಂದಲೇ ಆಗುವ ಅಡಚಣೆ

2022ರ ಜುಲೈ 8ರಂದು ಕೆನಡಾದ ರೋಜರ್ಸ್ ಸಂಸ್ಥೆಯ ಇಂಟರ್‌ನೆಟ್ ಮತ್ತು ಮೊಬೈಲ್ ಸೇವೆಗಳು ನಿಂತು 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಯಾವ ಕೇಬಲ್ಲೂ ತುಂಡಾಗಿರಲಿಲ್ಲ. ಮುಖ್ಯ ಜಾಲವನ್ನು ಮೇಲ್ದರ್ಜೆಗೆ ಏರಿಸುವಾಗ ರೂಟರ್‌ನ ಒಂದು ಫಿಲ್ಟರ್ ತೆಗೆದದ್ದರಿಂದ ಮಾರ್ಗ ಮಾಹಿತಿ ಪ್ರವಾಹದಂತೆ ನುಗ್ಗಿ ಮುಖ್ಯ ರೂಟರ್‌ಗಳು ಕುಸಿದವು. ಅವುಗಳನ್ನು ನಿರ್ವಹಿಸುವ ಜಾಲವೂ ಅದೇ ಮುಖ್ಯ ಜಾಲವನ್ನು ಅವಲಂಬಿಸಿತ್ತು, ಹೀಗಾಗಿ ಎಂಜಿನಿಯರ್‌ಗಳಿಗೆ ಕಾರಣ ಹುಡುಕಲೇ ಗಂಟೆಗಟ್ಟಲೆ ಹಿಡಿಯಿತು. ಇದಕ್ಕೆ ಪರಿಹಾರವಾಗಿ ಇನ್ನಷ್ಟು ರೂಟರ್ ಕೊಳ್ಳುವುದಕ್ಕಿಂತ ಬೇರೆ ಸಂಸ್ಥೆಯ ಸಂಪರ್ಕದ ಮೇಲೆ ನಡೆಯುವ ಪ್ರತ್ಯೇಕ ನಿರ್ವಹಣಾ ದಾರಿ ಮೇಲು. ಬದಲಾವಣೆಯನ್ನು ಮೊದಲು ಸಣ್ಣ ಭಾಗದಲ್ಲಿ ಮಾಡಿ ಕಾಯುವುದು, ಹಿಂದಕ್ಕೆ ಮರಳುವ ಹೆಜ್ಜೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಪುಕ್ಕಟೆ.

ಅಲಾರಂ ಮತ್ತು ಮಾತು

ನಿಗಾ ವ್ಯವಸ್ಥೆ ಆರಿಸುವಾಗ ಮಿತಿ ದಾಟಿದ ಮೇಲೆ ಕೂಗುವುದಕ್ಕಿಂತ ಬದಲಾವಣೆ ಕಂಡಾಗಲೇ ಕೂಗುವುದನ್ನು ಆರಿಸಿ. ತಲುಪುವ ಬೆಳಕಿನ ಬಲ -27 ಡಿಬಿಎಂಗೆ ಇಳಿಯುವವರೆಗೂ ಒಎನ್‌ಟಿ ಕೆಲಸ ಮಾಡುತ್ತದೆ ನಿಜ, ಆದರೆ ನಿನ್ನೆ -19 ಇದ್ದದ್ದು ಇಂದು -23 ಆಗಿದ್ದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಎಲ್ಲೋ ಸೋರಿಹೋಗಿದೆ. ಒಂದೇ ಮನೆಯಲ್ಲಿ ಹೀಗಾದರೆ ಆ ಮನೆಯ ತಂತಿ ನೋಡಿ, ಸ್ಪ್ಲಿಟರ್‌ನ ಎಲ್ಲ ಮನೆಗಳಲ್ಲೂ ಆದರೆ ಅದರ ಮೇಲಿನ ಫೈಬರ್ ನೋಡಿ. ವಿದ್ಯುತ್ ಹೋಗುವ ಕ್ಷಣದಲ್ಲಿ ಒಎನ್‌ಟಿ ‘ಡೈಯಿಂಗ್ ಗ್ಯಾಸ್ಪ್’ ಎಂಬ ಕೊನೆಯ ಸಂದೇಶ ಕಳುಹಿಸುತ್ತದೆ. ಒಂದು ಬೀದಿಯ ಎಲ್ಲ ಒಎನ್‌ಟಿಗಳೂ ಅದನ್ನು ಕಳುಹಿಸಿ ಮಾಯವಾದರೆ ಹೋದದ್ದು ವಿದ್ಯುತ್, ಕಳುಹಿಸದೆ ಮಾಯವಾದರೆ ತುಂಡಾದದ್ದು ಫೈಬರ್. ದೂರು ಸ್ವೀಕರಿಸುವವರ ಪರದೆಯ ಮೇಲೆ ಈ ಒಂದು ಮಾಹಿತಿ ಕಾಣುವಂತೆ ಮಾಡಿ. ಕರೆ ಮಾಡಿದವರಿಗೆ ‘ಪರಿಶೀಲಿಸುತ್ತೇವೆ’ ಎನ್ನುವ ಬದಲು ‘ನಿಮ್ಮ ಬೀದಿಯ ಮುಖ್ಯ ಫೈಬರ್ ತುಂಡಾಗಿದೆ, ತಂಡ ಹೊರಟಿದೆ, ಒಂಬತ್ತು ಗಂಟೆಗೆ ಮತ್ತೆ ತಿಳಿಸುತ್ತೇವೆ’ ಎಂದು ಹೇಳಬಹುದು. ಒಂಬತ್ತಕ್ಕೆ ಕೆಲಸ ಮುಗಿದಿರದಿದ್ದರೂ ಸಂದೇಶ ಹೋಗಲಿ. ಸರಿಯಾದ ಮೇಲೆ ದೂರನ್ನು ಮುಚ್ಚುವ ಮೊದಲು ಆ ಮನೆಯ ಒಎನ್‌ಟಿಯ ಬೆಳಕಿನ ಅಂಕಿ ಹಳೆಯ ಮಟ್ಟಕ್ಕೆ ಬಂದಿದೆಯೇ ಎಂದು ನೋಡಿ. ಬಂದಿರದಿದ್ದರೆ ಬೆಸುಗೆಯನ್ನು ಆಗಲೇ ಮತ್ತೆ ಮಾಡಿಸಿ, ತಂಡ ಇನ್ನೂ ಅದೇ ಕಂಬದ ಬಳಿ ಇರುವಾಗ.